ವೈಶಾಖದಲ್ಲಿ ಮದುವೆ, ಕಾರ್ತಿಕದಲ್ಲಿ ಹನಿಮೂನ್

"ಕಲ್ಲು ನೋಡಾಕ ಅಷ್ಟು ದೂರ ಹೋಗಬೇಕೇನವಾ? ಹೊಳಿ ದಾಟಿದ್ರ ಹಂಪಿ ಐತಲ್ಲ!"

ನಮ್ಮತ್ತೆ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಗಂಡನ ಮನೆ ಗಂಗಾವತಿ. ಆನೆಗೊಂದಿಗೆ ಹೋಗಿ ಹೊಳೆ ದಾಟಿದರೆ ಹಂಪಿ. ನಾನು ಹುಟ್ಟಿ ಬೆಳೆದದ್ದು ಮುನಿರಾಬಾದಿನಲ್ಲಿ, ತುಂಗಭದ್ರಾ ಡ್ಯಾಮಿನ ಮಗ್ಗುಲಲ್ಲೇ. ಶಾಲೆಯಿಂದ ಟ್ರಿಪ್ ಅಂದರೆ ಹಂಪಿ, ಬೆಂಗಳೂರಿಂದ ನೆಂಟರು ಬಂದರೆ ಹಂಪಿ. ಆದರೂ ಹನಿಮೂನಿಗೆ ಈಜಿಪ್ಟೇ ಆಗಬೇಕು ಅಂತ ಹಟ ಹಿಡಿದವಳು ನಾನು. ನಮ್ಮವರಿಗೆ ಮಾಲ್ಡೀವ್ಸ್ ಮೇಲೆ ಮನಸ್ಸಿತ್ತು. "ನೀರು ನೋಡ್ಕೊಂತ ಸುಮ್ನೆ ಮಲಗೋದು" ಅಂದರು. ಈಜಿಪ್ಟಿನಲ್ಲೂ ನೀರಿದೆ, ನೈಲ್ ನದಿಯಲ್ಲಿ ಹಡಗಿನ ಮೇಲೆ ಮೂರು ದಿನ ಮಲಗಿರಿ ಅಂತ ಒಪ್ಪಿಸಿದೆ.

ಮದುವೆ ಆಗಿದ್ದು 2025ರ ಮೇ ತಿಂಗಳಲ್ಲಿ. ನಮ್ಮ ಕಡೆ ಮದುವೆಗಳೆಲ್ಲ ಬೇಸಿಗೆಯಲ್ಲೇ ಅಲ್ವಾ. ಆ ಹೊತ್ತಿಗೆ ಈಜಿಪ್ಟಿನ ದಕ್ಷಿಣದ ಲಕ್ಸರ್, ಅಸ್ವಾನ್ ಕಡೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ರಾಯಚೂರು, ಕೊಪ್ಪಳದವರಿಗೆ ಅದೇನು ಹೊಸದಲ್ಲ. ಆದರೆ ನಾವು ಅಂಥ ಬಿಸಿಲಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತೇವೆ, ನೆರಳಿಲ್ಲದ ಕಣಿವೆಯಲ್ಲಿ ರಾಜರ ಗೋರಿ ಹುಡುಕುತ್ತಾ ಅಲೆಯುವುದಿಲ್ಲ. ಅಲ್ಲಿಗೆ ಹೋಗಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಏಪ್ರಿಲ್. ನಮ್ಮವರದ್ದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಭತ್ತದ ಕೊಯ್ಲು ಜೋರಾದರೆ ಅಂಗಡಿ ಬಿಟ್ಟು ಅಲ್ಲಾಡುವಂತಿಲ್ಲ. ಹಾಗಾಗಿ ದೀಪಾವಳಿ ಮುಗಿದ ಮೇಲೆ, ಕೊಯ್ಲಿನ ಮುಂಚೆ, ನವೆಂಬರ್ ಎರಡನೇ ವಾರ ಗೊತ್ತು ಮಾಡಿದೆವು. "ಇವರು ಹನಿಮೂನಿಗೆ ಹೋಗೋದ್ರಾಗ ತೊಟ್ಲು ಕಟ್ಟಬೇಕಾಕ್ಕೈತಿ" ಅಂತ ದೊಡ್ಡವ್ವ ಆರು ತಿಂಗಳು ನಗಾಡಿದಳು.

ಮೊದಲು ಒಬ್ಬ ಏಜೆಂಟರನ್ನು ಕೇಳಿದ್ದೆವು. ಎಂಟು ದಿನದಲ್ಲಿ ಐದು ಊರು, ನಡುವೆ ಅತ್ತರಿನ ಅಂಗಡಿ, ಪಪೈರಸ್ ಅಂಗಡಿ. ದಿನಾ ಸೂಟ್‌ಕೇಸ್ ಕಟ್ಟುವುದೇ ಕೆಲಸ. ಅದನ್ನು ಬಿಟ್ಟು ನಾನೇ ನೋಟ್‌ಬುಕ್ ಹಿಡಿದು ಕೂತೆ. ಅಲೆಕ್ಸಾಂಡ್ರಿಯಾ ಹೊಡೆದು ಹಾಕಿದೆ. ಕೆಂಪು ಸಮುದ್ರದ ಹುರ್ಗಾಡಾ ತೆಗೆಯುವಾಗ ಇವರ ಮುಖ ಸಣ್ಣದಾಯಿತು, ಆದರೂ ತೆಗೆದೆ. ಉಳಿದದ್ದು ಮೂರೇ ಊರು: ಕೈರೋ, ಅಸ್ವಾನ್, ಲಕ್ಸರ್. ಒಂಬತ್ತು ರಾತ್ರಿ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಹಾಗಾಗಿ ಅವರು 'ಮೇಲಿನ ಈಜಿಪ್ಟ್' ಅನ್ನುವುದು ನಕಾಶೆಯಲ್ಲಿ ಕೆಳಗಿರುತ್ತದೆ! ಅದು ತಲೆಗೆ ಹೋಗದೆ ಮೊದಲ ಪ್ಲಾನು ಪೂರ್ತಿ ಉಲ್ಟಾ ಹಾಕಿದ್ದೆ. ಮೇಲಾಗಿ ಹಡಗು ದಿನಾ ಹೊರಡುವುದಿಲ್ಲ. ನಾವು ನೋಡಿದ ಹಡಗುಗಳಲ್ಲಿ ಅಸ್ವಾನ್‌ನಿಂದ ಲಕ್ಸರ್‌ಗೆ ಬುಧವಾರ, ಶುಕ್ರವಾರ ಮಾತ್ರ, ಮೂರು ರಾತ್ರಿ. ಲಕ್ಸರ್‌ನಿಂದ ಅಸ್ವಾನ್‌ಗೆ ಹೋಗುವುದಾದರೆ ನಾಲ್ಕು ರಾತ್ರಿ. ನಾವು ವಿಮಾನದ ಟಿಕೆಟ್ ಮೊದಲು ತೆಗೆದಿದ್ದರೆ ಎರಡು ದಿನ ಸುಮ್ನೆ ದಂಡೆಯ ಮೇಲೆ ಕೂರಬೇಕಿತ್ತು. ಮೊದಲು ಹಡಗಿನ ವಾರ ನೋಡಿ, ಆಮೇಲೆ ವಿಮಾನ ನೋಡಿ. ಬುಧವಾರದ ಹಡಗು ಹಿಡಿದು ಅಲ್ಲಿಂದ ಹಿಂದಕ್ಕೆ ಎಣಿಸಿದೆ. ಕೈರೋದಲ್ಲಿ ಎರಡು ರಾತ್ರಿ, ಅಸ್ವಾನ್‌ನಲ್ಲಿ ಎರಡು ರಾತ್ರಿ, ಎಲ್ಲ ಕೂಡಿಕೊಂಡಿತು.

ಪಾಸ್‌ಪೋರ್ಟಿನದ್ದು ಬೇರೆ ಕತೆ. ನನ್ನ ಪಾಸ್‌ಪೋರ್ಟಿನಲ್ಲಿ ಹೆಸರು, ಅಪ್ಪನ ಹೆಸರು ಎಲ್ಲ ಒಂದೇ ಸಾಲಿನಲ್ಲಿದೆ. ಸರ್‌ನೇಮ್ ಅನ್ನುವ ಜಾಗ ಖಾಲಿ. ನಮ್ಮ ಕಡೆ ಬಹಳ ಮಂದಿಯದ್ದು ಹೀಗೇ. ಟಿಕೆಟ್ ಬುಕ್ ಮಾಡುವಾಗ ಸರ್‌ನೇಮ್ ಹಾಕದೆ ಮುಂದೆ ಹೋಗಲು ಬಿಡಲಿಲ್ಲ. ನಾನು ಮದುವೆಯಾದ ಖುಷಿಯಲ್ಲಿ ಗಂಡನ ಮನೆತನದ ಹೆಸರು ತುಂಬಿಬಿಟ್ಟೆ. ಅದನ್ನು ತಿದ್ದಿಸಲು ನಾಲ್ಕು ಫೋನು, ಮೇಲೆ ದುಡ್ಡು. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದೇ ಟಿಕೆಟಿನಲ್ಲಿರಬೇಕು, ಅದೇ ವೀಸಾದಲ್ಲೂ ಇರಬೇಕು. ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಹೋಟೆಲ್ ಬುಕಿಂಗ್, ಹೋಗಿ ಬರುವ ಟಿಕೆಟ್ ಎಲ್ಲ ಕೊಟ್ಟೆವು. ಸೆಪ್ಟೆಂಬರ್‌ನಲ್ಲೇ ಶುರು ಮಾಡಿದ್ದರಿಂದ ಆ ವಿಷಯಕ್ಕೆ ನಿದ್ದೆಗೆಡಲಿಲ್ಲ.

ಊಟದ ಚಿಂತೆ ನಮ್ಮವ್ವನದ್ದು. ಇಬ್ಬರೂ ಮಾಂಸ, ಮೊಟ್ಟೆ ತಿನ್ನುವವರಲ್ಲ. ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಳು. ರೊಟ್ಟಿಯನ್ನು ಹಳೇ ಧೋತರದಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟಿದ್ದೆವು. ಕೈರೋದಲ್ಲಿ ಬಿಚ್ಚಿದರೆ ಒಂದೂ ಇಡೀ ರೊಟ್ಟಿ ಇಲ್ಲ, ಎಲ್ಲ ಚೂರು! ಅಲ್ಲಿ ಡಬ್ಬಿಯಲ್ಲಿ ಸಿಗುವ ಗಟ್ಟಿ ಮೊಸರಿಗೆ ಆ ಚೂರು ಹಾಕಿ, ಮೇಲೆ ಶೇಂಗಾ ಚಟ್ನಿ ಉದುರಿಸಿ, ಐದು ನಿಮಿಷ ನೆನೆಯಲು ಬಿಟ್ಟು ತಿಂದೆವು. ಹನಿಮೂನಿನಲ್ಲಿ ತಿಂದ ಅತಿ ರುಚಿಯ ಊಟ ಅದೇ ಅಂತ ಇವರು ಈಗಲೂ ಹೇಳುತ್ತಾರೆ. ಮುಂದೆ ಹೋಗುವವರು ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ.

ನಿಜ ಹೇಳಬೇಕೆಂದರೆ ಅಷ್ಟು ರೊಟ್ಟಿ ಬೇಕೇ ಇರಲಿಲ್ಲ. ಅಲ್ಲಿನ ಕೊಶರಿ ಎಲ್ಲ ಕಡೆ ಸಿಗುತ್ತದೆ. ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಕರಿದ ಉಳ್ಳಾಗಡ್ಡಿ, ಟೊಮೆಟೊ ಸಾರು. ಹೊಟ್ಟೆ ಗಟ್ಟಿಯಾಗುತ್ತದೆ, ದುಡ್ಡೂ ಕಡಿಮೆ. ಬೆಳಿಗ್ಗೆ ಬೇಯಿಸಿದ ಕಾಳಿನ ಫೂಲ್, ಅದೇ ಕಾಳಿನ ವಡೆ. ಅವರೆಕಾಳು ತಿನ್ನುವ ನಮಗೆ ಅದೇನು ದೂರದ್ದು ಅನಿಸಲಿಲ್ಲ.

ಭಾಷೆಯೂ ಅಷ್ಟೇ. ಹೋಟೆಲ್ ಹುಡುಗನಿಗೆ ಇಂಗ್ಲಿಷಿನಲ್ಲಿ ಸೋಪು ಕೇಳಿ ಸಾಕಾದಾಗ ಇವರು ಬೇಸತ್ತು "ಸಾಬೂನು, ಸಾಬೂನು" ಅಂದರು. ಅವನು ನಕ್ಕು ಓಡಿಹೋಗಿ ಎರಡು ತಂದ. ಅರಬ್ಬಿಯಲ್ಲೂ ಅದು ಸಾಬೂನೇ! ಕುರ್ಚಿಗೆ ಕುರ್ಸಿ. ಆಮೇಲೆ ಬಾಗಿಲು ತೆರೆದವನಿಂದ ಹಿಡಿದು ಗೋರಿಯಲ್ಲಿ ಟಾರ್ಚ್ ಬಿಟ್ಟವನವರೆಗೆ ಎಲ್ಲರ ಬಾಯಲ್ಲೂ ಕೇಳುವ ಮಾತು 'ಬಕ್ಷೀಸ್'. ಅದಕ್ಕಂತೂ ತರ್ಜುಮೆಯೇ ಬೇಡ. ಸಣ್ಣ ನೋಟು ಜೇಬಲ್ಲಿ ಬೇರೆ ಇಟ್ಟುಕೊಳ್ಳಿ.

ದುಡ್ಡಿನ ವಿಷಯಕ್ಕೆ ಒಂದು ಪೆಟ್ಟು ತಿಂದೆವು. ನಾವು ಹೋದ ಬಹಳ ಕಡೆ ಟಿಕೆಟ್ ಕೌಂಟರಿನಲ್ಲಿ ಕಾರ್ಡ್ ಮಾತ್ರ, ನಗದು ಮುಟ್ಟುವುದಿಲ್ಲ. ಕೈರೋ ಪಕ್ಕದ ಗೀಜಾದಲ್ಲಿ ಪಿರಮಿಡ್ ಕಣ್ಣೆದುರಿಗಿದೆ, ನಮ್ಮ ಕಾರ್ಡ್ ನಡೆಯುತ್ತಿಲ್ಲ. ಹೊರದೇಶದ ಬಳಕೆಯ ಸ್ವಿಚ್ಚನ್ನು ಬ್ಯಾಂಕ್ ಆ್ಯಪಿನಲ್ಲಿ ಆನ್ ಮಾಡಿರಲಿಲ್ಲ. ಆನ್ ಮಾಡಲು ಓಟಿಪಿ ಬೇಕು, ಓಟಿಪಿ ಬರುವ ಸಿಮ್ಮಿಗೆ ರೋಮಿಂಗ್ ಇಲ್ಲ. ವಾಪಸ್ ಹೋಟೆಲಿಗೆ ಹೋಗಿ, ವೈಫೈ ಹಿಡಿದು, ರೋಮಿಂಗ್ ಹಾಕಿಸಿ ಬರುವಷ್ಟರಲ್ಲಿ ಎರಡು ತಾಸು ಹೋಯಿತು. ಊರು ಬಿಡುವ ಮುಂಚೆ ಐದು ನಿಮಿಷದ ಕೆಲಸ ಅದು. ಇನ್ನೊಂದು, ಟಿಕೆಟ್ ಮೇಲೆ ಟಿಕೆಟ್ ಇರುತ್ತದೆ. ದೊಡ್ಡ ಪಿರಮಿಡ್ಡಿನ ಒಳಗೆ ಹೋಗಲು ಬೇರೆ. ಲಕ್ಸರಿನ ರಾಜರ ಕಣಿವೆಯಲ್ಲಿ ಒಂದು ಟಿಕೆಟಿಗೆ ಮೂರು ಗೋರಿ, ಬಾಲರಾಜ ಟುಟಾಂಖಾಮನ್ ಗೋರಿಗೆ ಮತ್ತೆ ಬೇರೆ.

ಟುಟಾಂಖಾಮನ್ ಬಂಗಾರವೆಲ್ಲ ಈಗ ಗೀಜಾದ ಹೊಸ ಮ್ಯೂಸಿಯಮ್ಮಿನಲ್ಲಿದೆ. 2025ರ ನವೆಂಬರ್ 1ಕ್ಕೆ ಉದ್ಘಾಟನೆಯಾಗಿತ್ತು, ನಾವು ಹೋಗಿದ್ದು ಅದರ ಮರುವಾರವೇ. ಜನವೋ ಜನ, ಹುಲಿಗೆಮ್ಮನ ಜಾತ್ರೆ ನೆನಪಾಯಿತು. ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಮಾಡಿದ್ದು ಪುಣ್ಯ. ಖರ್ಚು ಎಲ್ಲ ಸೇರಿ ಇಬ್ಬರಿಗೂ 2 ಲಕ್ಷ 75 ಸಾವಿರ ಆಯಿತು. ವಿಮಾನದ್ದೇ ಅದರಲ್ಲಿ ಅರ್ಧದ ಹತ್ತಿರ.

ಬಂಡೆಯಲ್ಲಿ ಕೊರೆದ ಎರಡು ಗುಡಿಗಳಿರುವ ಅಬು ಸಿಂಬೆಲ್ ನನ್ನ ನೋಟ್‌ಬುಕ್ಕಿನಲ್ಲಿ ಎರಡು ಸಲ ಹೊಡೆದು ಹಾಕಿದ್ದ ಜಾಗ. ಅಸ್ವಾನ್‌ನಿಂದ 280 ಕಿಲೋಮೀಟರ್, ಬರೀ ಮರಳು. ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕು, ಎರಡು ತಾಸು ನೋಡಿ ಮತ್ತೆ ಅಷ್ಟೇ ದೂರ ವಾಪಸ್. ಹನಿಮೂನಿನಲ್ಲಿ ನಾಲ್ಕಕ್ಕೆ ಏಳುವುದೇನು ಅಂತ ಇವರು. ಉಳಿಸಿದ್ದು ಡ್ಯಾಮಿನ ಕಾರಣಕ್ಕೆ. ಅಸ್ವಾನ್ ಹೈಡ್ಯಾಮ್ ಕಟ್ಟುವಾಗ ಈ ಗುಡಿಗಳು ಮುಳುಗುತ್ತಿದ್ದವು. 1964ರಿಂದ 1968ರ ನಡುವೆ ಯುನೆಸ್ಕೋ ಮುಂದಾಳತ್ವದಲ್ಲಿ ಅವನ್ನು ಸಾವಿರಕ್ಕೂ ಜಾಸ್ತಿ ತುಂಡು ಮಾಡಿ, ಸುಮಾರು 65 ಮೀಟರ್ ಮೇಲೆ, 200 ಮೀಟರ್ ಹಿಂದೆ ಒಯ್ದು ಮತ್ತೆ ಜೋಡಿಸಿದರು. ಹಿಂದಿನ ಗುಡ್ಡವೂ ಕಟ್ಟಿದ್ದೇ. ಎದುರಿಗೆ ರಾಜ ರಾಮ್ಸೆಸ್‌ನ ನಾಲ್ಕು ಮೂರ್ತಿಗಳು, ಒಂದೊಂದೂ ಸುಮಾರು 20 ಮೀಟರ್ ಎತ್ತರಕ್ಕೆ ಕೊರೆದದ್ದು. ನಾವಿಬ್ಬರೂ ಮುಖ ನೋಡುವುದು ಬಿಟ್ಟು ಕೊಯ್ದ ಗೆರೆ ಎಲ್ಲಿದೆ ಅಂತ ಹುಡುಕಿದೆವು. ಹತ್ತಿರ ಹೋದರೆ ಕಾಣುತ್ತದೆ.

ಪಕ್ಕದ ಚಿಕ್ಕ ಗುಡಿ ರಾಣಿ ನೆಫರ್ತಾರಿಯದ್ದು. ಬೇರೆ ಕಡೆ ರಾಣಿಯರ ಮೂರ್ತಿ ರಾಜನ ಮೊಣಕಾಲಿಗೆ ಬರುತ್ತದೆ. ಇಲ್ಲಿ ಅವಳು ರಾಜನಷ್ಟೇ ಎತ್ತರ. ಅದರ ಮುಂದೆ ನಿಂತು ಇವರು ಫೋಟೋ ತೆಗೆದರು. ಇಡೀ ಟ್ರಿಪ್ಪಿನಲ್ಲಿ ಇಬ್ಬರೂ ಕಣ್ಣು ತೆರೆದಿರುವ ಫೋಟೋ ಅದೊಂದೇ.

ಅಸ್ವಾನ್‌ಗೆ ಬಂದು ಸಂಜೆ ದೋಣಿಯಲ್ಲಿ ನೂಬಿಯನ್ನರ, ಅಂದರೆ ಆ ಕಡೆಯ ನೈಲ್ ದಂಡೆಯ ಮೂಲದ ಮಂದಿಯ, ಹಳ್ಳಿಗೆ ಹೋದೆವು. ದೋಣಿಯವನು ತನ್ನ ಅಜ್ಜನ ಊರು ಆ ಹೈಡ್ಯಾಮಿನ ಕೆರೆಯ ಕೆಳಗಿದೆ ಅಂದ. ಮುಳುಗಿದ ಊರುಗಳವರನ್ನು ಅಸ್ವಾನ್‌ನ ಉತ್ತರಕ್ಕಿರುವ ಕೋಂ ಒಂಬೊ ಊರಿನ ಕಡೆ ಒಯ್ದು ಇಟ್ಟರಂತೆ, ನದಿಯಿಂದ ದೂರ. ನಮ್ಮ ಅಜ್ಜಿಯದ್ದೂ ಹಾಗೇ ಅಂತ ನಾನು ಹೇಳಲು ನೋಡಿದೆ, ಇಂಗ್ಲಿಷು ಸಾಲಲಿಲ್ಲ. ಫೋನಿನಲ್ಲಿ ನಮ್ಮ ಡ್ಯಾಮಿನ ಫೋಟೋ ತೋರಿಸಿದೆ, 33 ಗೇಟೂ ತೆರೆದದ್ದು. ಅವನು ಬಹಳ ಹೊತ್ತು ನೋಡಿದ.

ಮುಂದಿನ ಮೂರು ದಿನ ಹಡಗು. ಇವರು ಮಾತು ಕೊಟ್ಟಂತೆ ಮಲಗಿದರು. ಕಾರ್ನಾಕ್‌ನ ಗುಡಿಯ 134 ಕಂಬಗಳ ನಡುವೆ ಮಾತ್ರ ಎಚ್ಚರವಾಗಿದ್ದರು, "ಇದು ನಮ್ಮ ವಿಠ್ಠಲನ ಗುಡಿಗಿಂತ ದೊಡ್ಡದು ಅಂತ ಅವ್ವನ ಮುಂದೆ ಹೇಳಬ್ಯಾಡ" ಅಂದರು.

ಊರಿಗೆ ಬಂದ ಮೇಲೆ ಮುನಿರಾಬಾದಿಗೆ ಹೋಗಿ ಅಜ್ಜಿಗೆ ಫೋಟೋ ತೋರಿಸಿದೆ. 1953ರಲ್ಲಿ ನೀರು ನಿಂತಾಗ ಅವಳು ಏಳೆಂಟು ವರ್ಷದವಳು. ಊರು ಬಿಟ್ಟು ಬಂಡಿಯಲ್ಲಿ ಬಂದದ್ದು ಅವಳಿಗೆ ನೆನಪಿದೆ. ಗುಡ್ಡದಂಥ ಗುಡಿಯನ್ನು ತುಂಡು ಮಾಡಿ ಮೇಲೆ ಒಯ್ದದ್ದನ್ನು ಬಿಡಿಸಿ ಹೇಳಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿದಳು.

"ಗುಡಿ ಎತ್ತಿಟ್ರು, ಚಲೋ ಆತು. ಮಂದಿ?"

ಕೋಂ ಒಂಬೊ ಹತ್ತಿರ ಹೊಸ ಊರು ಕಟ್ಟಿಕೊಟ್ಟರಂತೆ ಅಂದೆ.

"ಹೊಲ ಕೊಟ್ಟಾರೇನು?"

ದೋಣಿಯವನ ಹತ್ತಿರ ಒಂದು ತಾಸು ಕೂತು ಚಹಾ ಕುಡಿದಿದ್ದೆ. ಅದನ್ನು ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.