ರೊಟ್ಟಿ ಬಡಿಯುತ್ತಲೇ ರೊಟ್ಟಿ ಬಿಟ್ಟ 30 ದಿನ

ವಿಜಯಪುರದ ನಮ್ಮ ಮನೆಯಲ್ಲಿ ದಿನಕ್ಕೆ 18 ಜೋಳದ ರೊಟ್ಟಿ ಆಗುತ್ತವೆ. ಬಡಿಯುವವಳು ನಾನೇ. ಈ ಸಲ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ 30 ದಿನ ರೊಟ್ಟಿ ಬಡಿದೆ, ಮನೆಯವರಿಗೆಲ್ಲ ಬಡಿಸಿದೆ, ನಾನು ಮಾತ್ರ ಒಂದು ಚೂರೂ ಬಾಯಿಗೆ ಹಾಕಲಿಲ್ಲ.

ಎರಡು ವರ್ಷದಿಂದ ಊಟ ಆದ ಮೇಲೆ ನನಗೆ ಹೊಟ್ಟೆ ಉಬ್ಬುತ್ತಿತ್ತು. ಸೀರೆ ನೆರಿಗೆ ಬಿಗಿ ಆಗೋಷ್ಟು. ತಪಾಸಣೆ ಮಾಡಿಸಿದರೆ ದೊಡ್ಡದೇನೂ ಇಲ್ಲ ಅಂದರು, ಆದರೆ ಸಂಕಟ ಹೋಗಲಿಲ್ಲ. ಪುಣೆಯಲ್ಲಿರೋ ಮಗಳು 'ಅವ್ವಾ, ಹೋಲ್30 ಅಂತ ಒಂದು ಪಥ್ಯ ಐತಿ, ಒಂದು ತಿಂಗಳು ಮಾಡಿ ನೋಡು' ಅಂದಳು. 2009ರಲ್ಲಿ ಅಮೆರಿಕಾದಲ್ಲಿ ಶುರುವಾದ ಪದ್ಧತಿ ಇದು. 30 ದಿನ ಯಾವ ಕಾಳುಕಡಿಯೂ ಇಲ್ಲ: ಜೋಳ, ಗೋಧಿ, ಅಕ್ಕಿ, ಸಜ್ಜಿ ಎಲ್ಲ ಬಂದ್. ಬೇಳೆ ಇಲ್ಲ. ಹಾಲು, ಮೊಸರು, ಮಜ್ಜಿಗೆ ಇಲ್ಲ. ಸಕ್ಕರೆ, ಬೆಲ್ಲ, ಜೇನುತುಪ್ಪ ಇಲ್ಲ. ಪಲ್ಲೆ, ಹಣ್ಣು, ತತ್ತಿ, ಮಾಂಸ, ಮೀನು, ಬೀಜಗಳು ಎಷ್ಟು ಬೇಕಾದರೂ ತಿನ್ನಬಹುದು. ಆಮೇಲೆ ಬಿಟ್ಟಿದ್ದನ್ನು ಒಂದೊಂದಾಗಿ ವಾಪಸ್ ತಂದು, ಯಾವುದು ಒಗ್ಗುತ್ತೆ, ಯಾವುದು ಒಗ್ಗಲ್ಲ ಅಂತ ನೋಡಬೇಕು. ನನಗೆ ಹಿಡಿಸಿದ್ದು ಈ ಕೊನೆಯ ಭಾಗ. ತೂಕದ ಚಿಂತೆ ನನಗಿರಲಿಲ್ಲ. ಆ 30 ದಿನ ತೂಕದ ಕಾಟೆ ಹತ್ತಬಾರದು ಅಂತ ಆ ಪದ್ಧತಿಯಲ್ಲೇ ನಿಯಮ ಇದೆ.

ಪಟ್ಟಿ ಓದುತ್ತಾ ಹೋದೆ. ಶೇಂಗಾ ಅನ್ನೋ ಕಡೆ ಕಣ್ಣು ನಿಂತುಬಿಟ್ಟಿತು. ಶೇಂಗಾ ನೆಲದೊಳಗೆ ಬೆಳೆದರೂ ಜಾತಿಯಲ್ಲಿ ದ್ವಿದಳ ಧಾನ್ಯ. ಕಡಲೆ, ತೊಗರಿ ಹೆಂಗೋ ಹಂಗೇ ಅದೂ. ಹಾಗಾಗಿ ಅದೂ ಬಂದ್. ನಮ್ಮ ಭಾಗದಲ್ಲಿ ಶೇಂಗಾ ಇಲ್ಲದೆ ಯಾವ ಪಲ್ಲೆ ಆಗುತ್ತೆ ಹೇಳಿ? ಎಣ್ಣೆಗಾಯಿಗೆ ಶೇಂಗಾ, ಚವಳಿಕಾಯಿಗೆ (ಗೋರಿಕಾಯಿಗೆ) ಶೇಂಗಾ ಪುಡಿ, ಪಚಡಿ ಮೇಲೆ ಶೇಂಗಾ ಪುಡಿ, ಊಟದ ಮೂಲೆಯಲ್ಲಿ ಶೇಂಗಾ ಹಿಂಡಿ. ರೊಟ್ಟಿ ಬಿಡಬಹುದು, ಶೇಂಗಾ ಬಿಟ್ಟು ಏನು ಬೇಯಿಸಲಿ ಅಂತ ಆ ರಾತ್ರಿ ನಿಜವಾಗಿ ಯೋಚನೆ ಆಯಿತು.

ಬೆಳಗ್ಗೆ ಎದ್ದು ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಗುರೆಳ್ಳು, ಅಂದರೆ ಹುಚ್ಚೆಳ್ಳು, ಇತ್ತು. ಅಗಸಿ ಇತ್ತು. ಎಳ್ಳಮಾಸಿಗೆ ತಂದ ಬಿಳಿ ಎಳ್ಳು ಉಳಿದಿತ್ತು. ಒಣ ಕೊಬ್ಬರಿ ಇತ್ತು. ಇವು ನಾಲ್ಕೂ ಬೇಳೆಕಾಳಿನ ಜಾತಿಗೆ ಸೇರಲ್ಲ, ಪಥ್ಯಕ್ಕೆ ಅಡ್ಡಿ ಇಲ್ಲ. ಕುಸುಬಿ ಎಣ್ಣೆಯೂ ಇತ್ತು. ನಮ್ಮ ಅಜ್ಜಿಯ ಕಾಲದಲ್ಲಿ ಅಡಿಗೆಗೆ ಅದೇ ಗಾಣದ ಎಣ್ಣೆ. ಅಂಗಡಿಯಿಂದ ಹೊಸದಾಗಿ ತರಬೇಕಾದ್ದು ಏನೂ ಇರಲಿಲ್ಲ. ಬಾದಾಮಿ ಹಿಟ್ಟು, ತೆಂಗಿನ ಹಿಟ್ಟು ತರಿಸಲಾ ಅಂತ ಮಗಳು ಕೇಳಿದಳು. ಬೇಡ ಅಂದೆ. ಬೇರೆ ಹಿಟ್ಟಲ್ಲಿ ರೊಟ್ಟಿ, ಕೇಕ್ ಮಾಡಿಕೊಂಡು ತಿನ್ನೋದು ಆ ಪದ್ಧತಿಯಲ್ಲೂ ಸಲ್ಲ. ನನಗೂ ಅದು ಸರಿ ಅನಿಸಿತು. ನಾಲಿಗೆ ರೊಟ್ಟಿಯನ್ನೇ ಹುಡುಕುತ್ತಾ ಕೂತರೆ ಈ ತಿಂಗಳಿಗೆ ಏನು ಅರ್ಥ?

ಡಬ್ಬಿಯಿಂದ ಹೊರಗೆ ಹೋದದ್ದು ಒಂದೇ, ಇಂಗು. ನಮ್ಮ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತ ಬರೆದಿತ್ತು. ಅಂಗಡಿಯ ಇಂಗು ಬರೀ ಇಂಗಲ್ಲ, ಅದಕ್ಕೆ ಹಿಟ್ಟು, ಗೋಂದು ಸೇರಿಸಿರುತ್ತಾರೆ. ಇಷ್ಟು ವರ್ಷ ಒಗ್ಗರಣೆಗೆ ಹಾಕಿದ್ದೆ, ಒಂದು ದಿನವೂ ತಿರುಗಿಸಿ ಓದಿರಲಿಲ್ಲ.

ಮೊದಲ ಮೂರು ದಿನ ತಲೆನೋವು. ಅದು ರೊಟ್ಟಿಯದಲ್ಲ, ಚಹಾದ್ದು. ದಿನಕ್ಕೆ ನಾಲ್ಕು ಸಲ ಹಾಲು, ಸಕ್ಕರೆ ಹಾಕಿದ ಚಹಾ ಕುಡಿಯುತ್ತಿದ್ದೆ. ಕರಿ ಚಹಾಕ್ಕೆ ಅಡ್ಡಿ ಇಲ್ಲ. ಹಸಿ ಶುಂಠಿ ಜಜ್ಜಿ ಹಾಕಿ, ಇಂಡಿ ಲಿಂಬೆಯ ಅರ್ಧ ಹೋಳು ಹಿಂಡಿ ಕುಡಿದೆ. ನಾಲ್ಕನೇ ದಿನ ತಲೆ ಹಗುರ ಆಯಿತು.

ನಿಜವಾದ ತೊಂದರೆ ಗಂಗಾಳದಲ್ಲಿ ಗೊತ್ತಾಯಿತು. ಮೊದಲ ದಿನ ಮಧ್ಯಾಹ್ನ ಎಲ್ಲರಿಗೂ ಮಾಡಿದ ಮೆಂತ್ಯ ಪಲ್ಲೆ, ತತ್ತಿ ಪಲ್ಲೆ ನಾನೂ ಹಾಕಿಕೊಂಡೆ, ರೊಟ್ಟಿ ಬಿಟ್ಟು. ನಾಲ್ಕು ತುತ್ತಿಗೆ ಬಾಯಿ ಉರಿಯಿತು, ಉಪ್ಪು ಹತ್ತಿತು. ಸಂಜೆ ತನಕ ನೀರು ಕುಡಿದೇ ಕುಡಿದೆ. ಎರಡನೇ ದಿನವೂ ಹಂಗೇ. ಆಮೇಲೆ ಹೊಳೆಯಿತು. ನಮ್ಮ ಪಲ್ಲೆಯ ಉಪ್ಪು, ಖಾರ, ಹುಳಿ ಎಲ್ಲಾ ರೊಟ್ಟಿಯ ಲೆಕ್ಕದಲ್ಲಿ ಇರುತ್ತೆ. ರೊಟ್ಟಿಗೆ ಉಪ್ಪು ಹಾಕಲ್ಲ ಅಲ್ವಾ? ಸಪ್ಪನೆಯ ರೊಟ್ಟಿ ಒಂದು ಮುರುಕಿಗೆ ಚಿಟಿಕೆ ಪಲ್ಲೆ, ಅದು ನಮ್ಮ ತುತ್ತು. ಆ ಚಿಟಿಕೆಯೊಳಗೇ ಇಡೀ ತುತ್ತಿನ ರುಚಿ ಇರಬೇಕು. ಈಗ ನಾನು ಪಲ್ಲೆಯನ್ನೇ ಬಟ್ಟಲು ತುಂಬ ತಿನ್ನುತ್ತಿದ್ದೆ. ಹಳೆಯ ಅಳತೆ ಹೆಂಗೆ ನಡೆಯುತ್ತೆ?

ಮೂರನೇ ದಿನದಿಂದ ಅಳತೆ ಬದಲಿಸಿದೆ. ಪಲ್ಲೆ ಬೆಂದು ಅರ್ಧ ಆದಾಗ ನನ್ನ ಪಾಲು ಬೇರೆ ಪಾತ್ರೆಗೆ ತೆಗೆಯುತ್ತಿದ್ದೆ. ಅದಕ್ಕೆ ಖಾರ ಅರ್ಧ, ಉಪ್ಪು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮನೆಯವರ ಪಾಲಿಗೆ ಕೊನೆಯಲ್ಲಿ ಮಸಾಲಿ ಖಾರ ಸೇರಿಸುತ್ತಿದ್ದೆ. ಒಂದೇ ಒಲೆ, ಒಂದೇ ಹೆಚ್ಚುವಿಕೆ, ಎರಡು ಊಟ. ಇಂಥ ಪಥ್ಯ ಹಿಡಿದವರು ಬೇರೆ ಅಡಿಗೆ ಮಾಡಿಕೊಂಡೇ ಸೋತು ಬಿಡುತ್ತಾರೆ ಅಂತ ನನಗೆ ಅನಿಸುತ್ತೆ. ಎಲ್ಲರಿಗೂ ಸೇರಿ ಬೇಯಿಸಿ ಕೊನೆಯಲ್ಲಿ ಬೇರೆ ಮಾಡೋದು ಎಷ್ಟೋ ಸಲೀಸು.

ಎಣ್ಣೆಗಾಯಿ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಶೇಂಗಾ ಬದಲು ಅಷ್ಟೇ ಅಳತೆಯ ಗುರೆಳ್ಳು ಹಾಕಿದೆ ಮೊದಲ ಸಲ. ಕರಿ ಮುದ್ದೆ ಆಯಿತು, ಕಹಿ ಬೇರೆ. ಎರಡನೇ ಸಲ ಕೂತು ಯೋಚಿಸಿದೆ. ಶೇಂಗಾ ಅಲ್ಲಿ ಮೂರು ಕೆಲಸ ಮಾಡುತ್ತೆ. ಮಸಾಲೆಗೆ ಮೈ ಕೊಡುತ್ತೆ, ಎಣ್ಣೆ ಬಿಡುತ್ತೆ, ಒಂದು ಸಣ್ಣ ಸಿಹಿ ಕೊಡುತ್ತೆ. ಈ ಮೂರನ್ನೂ ಒಂದೇ ಬೀಜದಿಂದ ಕೇಳಬಾರದು. ಆಮೇಲೆ ಹೀಗೆ ಮಾಡಿದೆ. 8 ಎಳೆಯ ಮುಳ್ಳಗಾಯಿ (ಬದನೆಕಾಯಿ), ತೊಟ್ಟು ಇಟ್ಟುಕೊಂಡೇ ನಾಲ್ಕು ಸೀಳು. ಬಿಳಿ ಎಳ್ಳು ಮೂರು ಚಮಚ, ಗುರೆಳ್ಳು ಒಂದೂವರೆ ಚಮಚ, ತುರಿದ ಒಣ ಕೊಬ್ಬರಿ ಅರ್ಧ ಬಟ್ಟಲು. ಎಲ್ಲ ಬೇರೆ ಬೇರೆ ಹುರಿಯಬೇಕು. ಗುರೆಳ್ಳು ಸಣ್ಣ ಉರಿಯಲ್ಲಿ ಚಟಪಟ ಅಂದ ತಕ್ಷಣ ಇಳಿಸಬೇಕು. ಒಂದು ಕ್ಷಣ ಬಿಟ್ಟರೂ ಕಹಿ. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಉರಿಯ ಮೇಲೆ ಇಟ್ಟು, ಹೊರಗೆ ಕರ್ರಗಾಗಿ ಒಳಗೆ ಮೆತ್ತಗೆ ಆಗುವ ತನಕ ಸುಡಬೇಕು. ಸುಟ್ಟ ಉಳ್ಳಾಗಡ್ಡಿಯ ಒಳಗೆ ಬೆಲ್ಲದಷ್ಟೇ ಸಿಹಿ ಇರುತ್ತೆ. ಇದರ ಜೊತೆ ಬಳ್ಳೊಳ್ಳಿ, ಹವೀಜ (ಕೊತ್ತಂಬರಿ ಕಾಳು), ಜೀರಿಗೆ, ಹುಣಸಿ ಹುಳಿ, ಖಾರ, ಉಪ್ಪು. ಕಲ್ಲಲ್ಲಿ ಅರೆದು ತುಂಬಿದೆ. ಕುಸುಬಿ ಎಣ್ಣೆಯಲ್ಲಿ ಮುಚ್ಚಿಟ್ಟು ಸಣ್ಣಗೆ ಬೇಯಿಸಿದೆ. ಇಳಿಸೋ ಹೊತ್ತಿಗೆ ಮೇಲೆ ಕೆಂಪಗೆ ಎಣ್ಣೆ ತೇಲಿತು. ಯಜಮಾನರು ಆ ದಿನ ಶೇಂಗಾ ಇಲ್ಲ ಅಂತ ಗುರುತೇ ಹಿಡಿಯಲಿಲ್ಲ. ಈಗಲೂ ನಾನು ಹೀಗೇ ಮಾಡುತ್ತೇನೆ.

ಚವಳಿಕಾಯಿ ವಿಷಯಕ್ಕೆ ಒಂದು ಮಾತು. ಬೇಳೆ ಇಲ್ಲ ಅಂದರೂ ಕಾಯಿ ಸಮೇತ ತಿನ್ನೋ ಬೀನ್ಸ್‌ಗೆ ಅಲ್ಲಿ ಅಡ್ಡಿ ಇಲ್ಲ. ಚವಳಿಕಾಯಿಯೂ ಅದೇ ಲೆಕ್ಕ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಅಗಸಿ ಪುಡಿ ಉದುರಿಸಿದರೆ ಬಹಳ ಚೆನ್ನಾಗಿ ಆಗುತ್ತೆ. ಪುಂಡಿಪಲ್ಲೆಗೆ ಜೋಳದ ನುಚ್ಚು, ಬೇಳೆ ಎರಡೂ ಇಲ್ಲ. ಬದನೆಕಾಯಿ ಬೇಯಿಸಿ ಅದರ ಜೊತೆ ಕಡೆದೆ, ಬಳ್ಳೊಳ್ಳಿ ಒಗ್ಗರಣೆ ಜಾಸ್ತಿ ಕೊಟ್ಟೆ. ಹುಳಿ ಸರಿಹೋಯಿತು. ತುಪ್ಪ ಮನೆಯದೇ. ಬೆಣ್ಣೆ ಚೆನ್ನಾಗಿ ಕಾಸಿ, ತಳದಲ್ಲಿ ಕೂತ ಗಸಿ ಬಾರದಂತೆ ಬಟ್ಟೆಯಲ್ಲಿ ಸೋಸಿದರೆ ಅದರಲ್ಲಿ ಹಾಲಿನ ಅಂಶ ಹೆಚ್ಚು ಕಡಿಮೆ ಉಳಿಯಲ್ಲ. ಅದಕ್ಕೇ ಹಾಲಿನ ಪದಾರ್ಥಗಳಲ್ಲಿ ತುಪ್ಪ ಒಂದಕ್ಕೆ ಮಾತ್ರ ಪರವಾನಿಗಿ.

ಹೊಟ್ಟೆ ತುಂಬಲು ದಿನಕ್ಕೆ ಮೂರು ತತ್ತಿ, ವಾರಕ್ಕೆ ಎರಡು ಸಲ ಕೃಷ್ಣಾ ಹಿನ್ನೀರಿನ ಮೀನು, ರವಿವಾರ ಮಟನ್. ಸೋಮವಾರ ನಮ್ಮಲ್ಲಿ ತತ್ತಿಯೂ ಇಲ್ಲ. ಅವತ್ತು ಬೆಳಗಾವಿ ಕಡೆಯ ಗೆಣಸು, ಬಟಾಟಿ. ನಿಜ ಹೇಳಬೇಕಂದರೆ ಸೋಮವಾರ ಹಸಿವು ಜಾಸ್ತಿ. ಪೂರ್ತಿ ಶಾಖಾಹಾರಿಗಳು ಇದನ್ನು ಇದ್ದಂಗೇ ಮಾಡೋದು ಬಹಳ ಕಷ್ಟ. ಬೇಳೆ, ಹಾಲು ಎರಡೂ ತೆಗೆದರೆ ಅವರಿಗೆ ಪ್ರೋಟೀನ್ ಎಲ್ಲಿಂದ ಬರಬೇಕು? ಅವರು ಹೀಗೇ ಮಾಡಿ ಅಂತ ನಾನು ಹೇಳಲಾರೆ.

ಅತ್ತೆಗೆ ಮೊದಲು ಇದು ಹಿಡಿಸಲಿಲ್ಲ. 'ರೊಟ್ಟಿ ಬಿಟ್ರ ತಾಕತ್ ಎಲ್ಲಿಂದ ಬರ್ತೈತಿ ನಿನಗ? ದಿನಾ ಹಿಟ್ಟ ನಾದಾಕಿ ನೀನು' ಅಂದರು. 'ಅತ್ತಿ, ನೀವು ಏಕಾದಶಿಗೆ ಅನ್ನ ರೊಟ್ಟಿ ಮುಟ್ಟಂಗಿಲ್ಲಲ್ಲ, ಇದೂ ಒಂದು ನಮೂನಿ ಉಪವಾಸ, ಒಂದು ತಿಂಗಳದ್ದು' ಅಂದೆ. ಸುಮ್ಮನಾದರು. ಮರುದಿನದಿಂದ ನನ್ನ ಗೆಣಸು ಅವರೇ ಬೇಯಿಸಿ ಇಡೋಕೆ ಶುರು ಮಾಡಿದರು. ನಾನೂ ನಿನ್ನ ಜೋಡಿ ಮಾಡಲೇನು ಅಂತಲೂ ಕೇಳಿದರು. ಅವರು ಸಕ್ಕರೆ ಕಾಯಿಲೆಯ ಗುಳಿಗೆ ತಗೋತಾರೆ. ಗುಳಿಗೆ ನುಂಗಿ ರೊಟ್ಟಿ, ಅನ್ನ ಒಮ್ಮೆಲೇ ಬಿಟ್ಟರೆ ಸಕ್ಕರೆ ಅಂಶ ಇಳಿದು ತಲೆಸುತ್ತು ಬರಬಹುದು. ಡಾಕ್ಟರ್ ಬೇಡವೇ ಬೇಡ ಅಂದರು. ನಾನು ಕೂಡ ಅವರನ್ನು ಕೇಳಿಯೇ ಶುರು ಮಾಡಿದ್ದು. ಇದೊಂದನ್ನು ಯಾರೂ ಹಗುರವಾಗಿ ತಗೋಬೇಡಿ.

ಹನ್ನೊಂದನೇ ದಿನ ನಾದಿನಿಯ ಮಗಳ ಕುಬಸ (ಸೀಮಂತ) ಇತ್ತು. ಡಬ್ಬಿ ಒಯ್ದಿದ್ದೆ, ತತ್ತಿ, ಚವಳಿಕಾಯಿ, ಪಚಡಿ. ಹೋಳಿಗೆ ಬೇಡ ಅಂದಾಗ ಬಡಿಸುತ್ತಿದ್ದ ವೈನಿಯವರ ಮುಖ ಸಣ್ಣದಾಯಿತು. ನನಗೂ ಸಂಕಟ ಆಯಿತು. ಬಡಿಸುವ ಕೈಗೆ ಬೇಡ ಅನ್ನೋದು ನಮಗೆ ಬರೋದಿಲ್ಲ. ಒಂದು ದಾಳಿಂಬೆ ಕೊಡಿ ವೈನಿ ಅಂತ ಕೇಳಿ ತಗೊಂಡೆ. ಅವರೇ ಬಿಡಿಸಿ ಬಟ್ಟಲಲ್ಲಿ ಕೊಟ್ಟರು. ಬೇಡ ಅಂದು ಸುಮ್ನೆ ಕೂರೋ ಬದಲು ಏನಾದರೂ ಒಂದು ಕೇಳಿ ತಿನ್ನೋದು ಒಳ್ಳೇದು.

ನಾನು ಸೋಲುವ ಹಂತಕ್ಕೆ ಬಂದದ್ದು ಇಪ್ಪತ್ತನೇ ದಿನದ ಹೊತ್ತಿಗೆ, ತವರಿನ ಹೊಲದಲ್ಲಿ. ಸೀತನಿ ಕಾಲ. ಅಣ್ಣ ಹಾಲುಗಾಳಿನ ಜೋಳದ ತೆನೆ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ ಹೊಟ್ಟು ಹಾರಿಸುತ್ತಿದ್ದ. ಹಸಿರು ಕಾಳು ಅಂಗೈ ಮೇಲೆ ಹೊಗೆಯಾಡುತ್ತಿದ್ದವು. ಪಕ್ಕದಲ್ಲಿ ಶೇಂಗಾ ಹಿಂಡಿ, ಮೊಸರು. ಅದೂ ಕೊಲ್ಹಾರದ ಮೊಸರು, ಮಣ್ಣಿನ ಗಡಿಗೆಯದು, ಮಗುಚಿದರೂ ಬೀಳದಷ್ಟು ಗಟ್ಟಿ. ವರ್ಷಕ್ಕೆ ಒಂದು ತಿಂಗಳು ಸಿಗೋ ತಿನಿಸು ಅದು. ಕಣ್ಣಲ್ಲಿ ನೀರು ಬಂತು. ಎದ್ದು ಬದುವಿನ ಬಾರೆ ಗಿಡದ ಹತ್ತಿರ ಹೋಗಿ ಹಣ್ಣು ಆರಿಸಿಕೊಂಡೆ. ಪಥ್ಯ ಯಾಕೆ ಬಿಡಲಿಲ್ಲ ಅಂದರೆ, ಆ ಹೊತ್ತಿಗೆ ಹತ್ತು ದಿನದಿಂದ ಹೊಟ್ಟೆ ಉಬ್ಬಿರಲಿಲ್ಲ. ಕಾರಣ ಗೊತ್ತಾಗದೆ ಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

30 ದಿನ ಆದ ಮೇಲೆ ವಾಪಸ್ ತರೋಕೂ ಒಂದು ಕ್ರಮ ಇದೆ. ಮೊದಲು ಬೇಳೆಕಾಳು, ಆಮೇಲೆ ಗೋಧಿ ಬಿಟ್ಟು ಉಳಿದ ಧಾನ್ಯ, ಆಮೇಲೆ ಹಾಲಿನ ಪದಾರ್ಥ, ಕೊನೆಗೆ ಗೋಧಿ. ಒಂದು ದಿನ ತಿಂದು, ಎರಡು ದಿನ ಮತ್ತೆ ಹಳೆಯ ಪಥ್ಯಕ್ಕೆ ಹೋಗಿ ದೇಹ ಏನು ಹೇಳುತ್ತೆ ನೋಡಬೇಕು. ತೊಗರಿಬೇಳೆ, ಶೇಂಗಾ ತಿಂದೆ. ಏನೂ ಆಗಲಿಲ್ಲ. ನಾಲ್ಕನೇ ದಿನ ಎರಡು ಬಿಸಿ ರೊಟ್ಟಿ. ಏನೂ ಆಗಲಿಲ್ಲ. ಅವತ್ತು ಅತ್ತೆ ನನಗಿಂತ ಜಾಸ್ತಿ ಖುಷಿಪಟ್ಟರು. ಏಳನೇ ದಿನ ಬೆಳಗ್ಗೆ ಒಂದು ಲೋಟ ಹಾಲು ಕುಡಿದೆ. ಒಂದು ತಾಸು ಆಗಿರಲಿಲ್ಲ, ಹೊಟ್ಟೆ ಗುಡುಗುಡು ಅಂದು ಉಬ್ಬಿತು. ಎರಡು ವರ್ಷದಿಂದ ಬಲ್ಲ ಅದೇ ಸಂಕಟ. ದಿನಕ್ಕೆ ನಾಲ್ಕು ಲೋಟ ಹಾಲಿನ ಚಹಾ ಕುಡಿದು, ತಪ್ಪನ್ನು ಊಟದ ಮೇಲೆ ಹಾಕುತ್ತಿದ್ದೆ ನಾನು.

ಹೊಟ್ಟೆ ತಣ್ಣಗಾಗಲಿ ಅಂತ ಮೂರು ದಿನ ಬಿಟ್ಟು ಮೊಸರನ್ನು ಬೇರೆಯಾಗಿ ನೋಡಿದೆ. ಹಾಲು ಹೆಪ್ಪಾಗುವಾಗ ಅದರೊಳಗಿನ ಸಕ್ಕರೆ, ಲ್ಯಾಕ್ಟೋಸ್, ಸ್ವಲ್ಪ ಮಟ್ಟಿಗೆ ಒಡೆದು ಹುಳಿ ಆಗುತ್ತೆ. ಹಾಲು ಒಗ್ಗದ ಎಷ್ಟೋ ಜನಕ್ಕೆ ಮೊಸರು ಒಗ್ಗೋದು ಅದಕ್ಕೇ. ಅಣ್ಣನಿಗೆ ಹೇಳಿ ಕೊಲ್ಹಾರದಿಂದ ಒಂದು ಗಡಿಗೆ ತರಿಸಿದೆ. ಒಂದು ಬಟ್ಟಲು ತಿಂದು ಗಡಿಯಾರ ನೋಡುತ್ತಾ ಕೂತೆ. ಒಂದು ತಾಸು ಆಯಿತು. ಎರಡು ತಾಸು ಆಯಿತು. ಅತ್ತೆ ಒಳಗಿನಿಂದ 'ಹೆಂಗೈತಿ ಹೊಟ್ಟಿ?' ಅಂತ ಕೇಳಿದರು. 'ಆರಾಮ ಐತ್ರಿ' ಅಂದೆ. ಅವರು ಒಂದು ರೊಟ್ಟಿ ತಂದು ನನ್ನ ಗಂಗಾಳಕ್ಕೆ ಹಾಕಿದರು, ಪಕ್ಕದಲ್ಲಿ ಗುರೆಳ್ಳು ಹಿಂಡಿ, ಅದರ ಮೇಲೆ ಇನ್ನೊಂದು ಚಮಚ ಮೊಸರು.