800 ಮತ್ತು 1500 ಮೀಟರ್: ಎಲ್ಲಿ ಓಡಬೇಕು, ಯಾವಾಗ ಹೊರಗೆ ಬರಬೇಕು

ಒಳಗಿನ ಗೆರೆ ಬಿಡಬೇಡ ಎಂಬುದು 800 ಮತ್ತು 1500 ಮೀಟರ್ ಓಟಗಾರರು ಮೊದಲು ಕೇಳುವ ಪಾಠ. ಅದು ಅರ್ಧ ಪಾಠ. ಗೆರೆಗೆ ಅಂಟಿಕೊಂಡವರು ಕಡಿಮೆ ದೂರ ಓಡುತ್ತಾರೆ, ನಿಜ. ಆದರೆ ಕೊನೆಯ 200 ಮೀಟರ್‌ನಲ್ಲಿ ಕಾಲಲ್ಲಿ ಬಲವಿದ್ದೂ ಮುಂದೆ ನುಗ್ಗಲು ದಾರಿಯಿಲ್ಲದೆ ಒದ್ದಾಡುವವರೂ ಅವರೇ. ದೂರ ಉಳಿಸುವುದೂ ಬೇಕು, ದಾರಿ ಉಳಿಸಿಕೊಳ್ಳುವುದೂ ಬೇಕು. ಒಂದಕ್ಕಾಗಿ ಇನ್ನೊಂದನ್ನು ಎಷ್ಟು ಬಿಟ್ಟುಕೊಡಬೇಕೆಂದು ತಿಳಿಯಲು ಲೆಕ್ಕ ಗೊತ್ತಿರಬೇಕು.

ಹೊರಗೆ ಓಡಿದರೆ ಎಷ್ಟು ನಷ್ಟ?

ಲೇನಿನ ಅಗಲ 1.22 ಮೀಟರ್. ಮೊದಲ ಲೇನಿನ 400 ಮೀಟರ್ ಅನ್ನು ಟ್ರ್ಯಾಕಿನ ಒಳಅಂಚಿನ ಕಟ್ಟೆಯಾದ ಕರ್ಬ್‌ನಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ನೇರ ಭಾಗದಲ್ಲಿ ನೀವು ಯಾವ ಲೇನಿನಲ್ಲಿದ್ದರೂ ದೂರ ಒಂದೇ. ತಿರುವಿನಲ್ಲಿ ಮಾತ್ರ ಬೇರೆ: ಆ ಅಳತೆಯ ಗೆರೆಯಿಂದ ಒಂದು ಮೀಟರ್ ಹೊರಗಿದ್ದರೆ ಪ್ರತಿ ತಿರುವಿಗೆ 3.14 ಮೀಟರ್ ಹೆಚ್ಚು ಓಡಿದಂತೆ. 800 ಮೀಟರನ್ನು 2 ನಿಮಿಷದಲ್ಲಿ ಮುಗಿಸುವವರಿಗೆ ಇದು ಸುಮಾರು ಅರ್ಧ ಸೆಕೆಂಡ್. 1500 ಮೀಟರ್‌ನಲ್ಲಿ ಒಟ್ಟು ಏಳು ತಿರುವು. ಏಳರಲ್ಲೂ ಹಾಗೇ ಓಡಿದರೆ 22 ಮೀಟರ್ ದಂಡ, 4 ನಿಮಿಷದ ಓಟಗಾರರಿಗೆ ಮೂರೂವರೆ ಸೆಕೆಂಡ್.

ಹಾಗಾಗಿ ಇಡೀ ಓಟವನ್ನು ಹೊರಗೆ ಓಡುವುದು ದುಬಾರಿ. ಆದರೆ ಒಂದೇ ತಿರುವಿನಲ್ಲಿ ಅರ್ಧ ಮೀಟರ್ ಹೊರಗಿದ್ದರೆ ಹೋಗುವುದು ಒಂದೂವರೆ ಮೀಟರ್ ಮಾತ್ರ. ಕೊನೆಯ ಸುತ್ತಿನಲ್ಲಿ ಸಿಕ್ಕಿಬಿದ್ದು ಕಳೆದುಕೊಳ್ಳುವುದರ ಮುಂದೆ ಅದು ಏನೂ ಅಲ್ಲ.

800 ಮೀಟರ್‌ನ ಮೊದಲ 200

ಮೊದಲ ತಿರುವನ್ನು ಅವರವರ ಲೇನಿನಲ್ಲೇ ಓಡಬೇಕು. ಲೇನ್ ಬಿಡಬಹುದಾದ ಜಾಗ ತೋರಿಸುವ ಬ್ರೇಕ್ ಲೈನ್ ದಾಟುವ ಮೊದಲೇ ಒಳಗೆ ಬಂದರೆ ಅನರ್ಹತೆ. ಎಂಟನೇ ಲೇನಿನವರು ಆರಂಭದಲ್ಲಿ ಒಂದನೇ ಲೇನಿನವರಿಗಿಂತ 26 ಮೀಟರ್‌ಗೂ ಹೆಚ್ಚು ಮುಂದೆ ನಿಂತಿರುತ್ತಾರೆ, ಅವರ ಕಣ್ಣಿಗೆ ಯಾರೂ ಬೀಳುವುದಿಲ್ಲ. ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂಬ ಗಾಬರಿಯಲ್ಲಿ ಮೊದಲ 100 ಮೀಟರನ್ನು ಅತಿವೇಗವಾಗಿ ಓಡಿಬಿಡುತ್ತಾರೆ. ಒಂದನೇ ಲೇನಿನವರದು ಇದಕ್ಕೆ ವಿರುದ್ಧವಾದ ತಪ್ಪು: ಎಲ್ಲರೂ ಮುಂದಿದ್ದಾರೆ ಎಂದು ನೋಡಿ ಬೆನ್ನಟ್ಟುವುದು. ಬ್ರೇಕ್ ಲೈನ್ ಬರುವವರೆಗೆ ಯಾರು ಮುಂದೆ, ಯಾರು ಹಿಂದೆ ಎಂದು ಅಳೆಯಲು ಹೋಗಬೇಡಿ. ಅಭ್ಯಾಸದಲ್ಲಿ ರೂಢಿಸಿಕೊಂಡ ವೇಗವನ್ನೇ ನಂಬಿ.

ಬ್ರೇಕ್ ಲೈನ್ ದಾಟಿದ ತಕ್ಷಣ ಒಳಕ್ಕೆ ತಿರುಗುವುದು ಅತಿ ಸಾಮಾನ್ಯ ತಪ್ಪು. ಎಂಟನೇ ಲೇನಿನಿಂದ ಒಂದನೇ ಲೇನಿಗೆ ಅಡ್ಡಲಾಗಿ ಸುಮಾರು ಎಂಟೂವರೆ ಮೀಟರ್ ಇದೆ. ಅದನ್ನು 80 ಮೀಟರ್ ಉದ್ದಕ್ಕೂ ಓರೆಯಾಗಿ ಕ್ರಮಿಸಿದರೆ ಹೆಚ್ಚಾಗುವ ದೂರ ಅರ್ಧ ಮೀಟರ್‌ಗಿಂತ ಕಡಿಮೆ. ಅದನ್ನೇ 20 ಮೀಟರ್‌ನಲ್ಲಿ ಮಾಡಿದರೆ ಒಂದೂಮುಕ್ಕಾಲು ಮೀಟರ್ ಹೋಗುತ್ತದೆ, ಮೇಲಾಗಿ ಪಕ್ಕದವರ ಕಾಲಿಗೆ ಸಿಗುತ್ತೀರಿ. ಮುಂದಿನ ತಿರುವು ಶುರುವಾಗುವ ಜಾಗದಲ್ಲಿ ಕರ್ಬ್‌ನ ಒಂದು ಬಿಂದುವನ್ನು ಕಣ್ಣಲ್ಲಿ ಹಿಡಿದು, ಅಲ್ಲಿಗೆ ನೇರ ಗೆರೆ ಎಳೆದಂತೆ ಓಡಿ. ಒಳಗಿನ ಲೇನಿನವರಿಗೆ ಬೇರೆ ಚಿಂತೆ: ಹೊರಗಿನಿಂದ ಎಲ್ಲರೂ ನಿಮ್ಮ ಮೇಲೇ ಇಳಿಯುತ್ತಾರೆ. ಬ್ರೇಕ್ ಲೈನ್‌ಗೆ ಹತ್ತು ಮೀಟರ್ ಮೊದಲೇ ನಿರ್ಧರಿಸಿ: ಮುಂದೆ ಹೋಗುವುದೋ, ಒಬ್ಬರನ್ನು ಒಳಗೆ ಬಿಟ್ಟು ಅವರ ಬಲಭುಜದ ಹಿಂದೆ ಸೇರುವುದೋ. ಅಲ್ಲಿಗೆ ಹೋದ ಮೇಲೆ ಯೋಚಿಸಿದರೆ ತಡವಾಯಿತು.

1500 ಮೀಟರ್ ಬಾಗಿದ ಗೆರೆಯಿಂದ ಶುರುವಾಗುತ್ತದೆ, ಮೊದಲು ಬ್ಯಾಕ್ ಸ್ಟ್ರೈಟ್, ಅಂದರೆ ಮುಕ್ತಾಯದ ಗೆರೆಯಿರುವ ಬದಿಗೆ ಎದುರಿನ ನೇರ ಭಾಗ. ಒಳತುದಿಯಲ್ಲಿ ನಿಂತವರು ಮೊದಲ 30–40 ಮೀಟರ್ ಚುರುಕಾಗಿ ಓಡದಿದ್ದರೆ ಗುಂಪು ಮುಚ್ಚಿಕೊಳ್ಳುತ್ತದೆ. ಹೊರತುದಿಯವರಿಗೆ ಅವಸರವಿಲ್ಲ. ನೇರವಾಗಿ ಓಡಿ, ಗುಂಪು ಯಾವ ಆಕಾರ ಪಡೆಯಿತೆಂದು ನೋಡಿ, ತಿರುವಿಗೆ ಮೊದಲು ಜಾಗ ಆರಿಸಿಕೊಳ್ಳಬಹುದು.

ಗುಂಪಿನಲ್ಲಿ ನಿಮ್ಮ ಜಾಗ

ನಮ್ಮ ಅಭಿಪ್ರಾಯದಲ್ಲಿ ಅತ್ಯುತ್ತಮ ಜಾಗ ಎರಡನೆಯದು ಅಥವಾ ಮೂರನೆಯದು, ಮುಂದಿರುವವರ ನೇರ ಬೆನ್ನ ಹಿಂದಲ್ಲ, ಬಲಭುಜದ ಹಿಂದೆ. ಒಂದನೇ ಲೇನಿನ ಬಲ ಅರ್ಧದಲ್ಲಿದ್ದರೆ ಪ್ರತಿ ತಿರುವಿಗೆ ಸುಮಾರು ಎರಡು ಮೀಟರ್ ಕೊಡುತ್ತೀರಿ. ಪ್ರತಿಯಾಗಿ ಯಾವ ಕ್ಷಣದಲ್ಲೂ ಹೊರಬರುವ ಸ್ವಾತಂತ್ರ್ಯ ಸಿಗುತ್ತದೆ. ಎದುರುಗಾಳಿಯಿರುವ ನೇರ ಭಾಗದಲ್ಲಿ ಮಾತ್ರ ಬೆನ್ನ ಹಿಂದೆ ಅಡಗಿ. ಮುಂದಿನವರ ಹಿಮ್ಮಡಿ ನೋಡುತ್ತಾ ಓಡಬೇಡಿ, ಭುಜ ನೋಡಿ. ವೇಗ ಬದಲಾಗುವುದು ಮೊದಲು ಅಲ್ಲೇ ಕಾಣುತ್ತದೆ. ಗುಂಪು ಒಮ್ಮೆಲೇ ನಿಧಾನವಾದರೆ ಹಿಂದಕ್ಕೆ ವಾಲಿ ಬ್ರೇಕ್ ಹಾಕಬೇಡಿ. ಹೆಜ್ಜೆ ಚಿಕ್ಕದು ಮಾಡಿ, ಮೊಣಕೈ ತುಸು ಅಗಲಿಸಿ. ಉದ್ದ ಹೆಜ್ಜೆಯಲ್ಲಿ ಎಡವುವುದು ಸುಲಭ.

ಬಾಕ್ಸ್ ಆಗುವುದೆಂದರೆ ಎಡಕ್ಕೆ ಕರ್ಬ್, ಮುಂದೆ ಒಬ್ಬರು, ಬಲಭುಜಕ್ಕೆ ಒಬ್ಬರು. ತಳ್ಳಿ ಹೊರಬಂದರೆ ಅನರ್ಹರಾಗುವ ಅಪಾಯವಿದೆ. ಇರುವ ಒಳ್ಳೆಯ ದಾರಿ ಹಿಂಬಾಗಿಲು: ನಾಲ್ಕೈದು ಹೆಜ್ಜೆ ತುಸು ಸಡಿಲಿಸಿ, ಪಕ್ಕದವರು ಅರ್ಧ ದೇಹದಷ್ಟು ಮುಂದೆ ಹೋದೊಡನೆ ಅವರ ಹಿಂದಿನಿಂದ ಹೊರಗೆ ಸರಿಯಿರಿ. ಇದಕ್ಕೆ ಸೆಕೆಂಡಿನ ಹತ್ತರಲ್ಲಿ ಕೆಲವು ಭಾಗ ಹೋಗುತ್ತದೆ. ಇನ್ನೂ 300 ಮೀಟರ್ ಇರುವಾಗ ಮಾಡಿದರೆ ಅದನ್ನು ಮರಳಿ ಗಳಿಸಬಹುದು. 120 ಮೀಟರ್ ಇರುವಾಗ ಆಗದು. ಅದಕ್ಕೇ ಕೊನೆಯ ಸುತ್ತಿನ ಗಂಟೆ ಬಾರಿಸಿದಾಗಲೇ ಕೇಳಿಕೊಳ್ಳಿ: ಈಗಿಂದೀಗಲೇ ಬಲಕ್ಕೆ ಹೋಗಬಲ್ಲೆನೇ? ಇಲ್ಲವೆಂದಾದರೆ ಆ ಕ್ಷಣವೇ ಸರಿಪಡಿಸಿ.

ಇನ್ನೊಂದು ದಾರಿ ಕಾಯುವುದು. ಕೊನೆಯ ತಿರುವಿನಿಂದ ಹೊರಬರುವಾಗ ದಣಿದ ಓಟಗಾರರು ಬಲಕ್ಕೆ ಜಾರುವುದುಂಟು, ಆಗ ಒಳಗೆ ಕಿಂಡಿ ತೆರೆಯುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಫೈನಲ್ ಓಡುತ್ತಿದ್ದ ಯಾಕೊಬ್ ಇಂಗೆಬ್ರಿಗ್ಟ್‌ಸೆನ್ ಬಲಗಡೆಯ ಜೋಶ್ ಕೆರ್ ಕಡೆಗೆ ಸರಿದಾಗ ಕೋಲ್ ಹಾಕರ್ ಒಳಗಿನಿಂದ ನುಗ್ಗಿ 3:27.65ರಲ್ಲಿ ಚಿನ್ನ ಗೆದ್ದರು. ಆ ಕಿಂಡಿ ತೆರೆಯದ ಓಟಗಳೂ ಬೇಕಾದಷ್ಟಿವೆ. ಅದನ್ನೇ ನೆಚ್ಚಿ ಯೋಜನೆ ಮಾಡಬೇಡಿ.

ದಾಟುವುದು

ದಾಟಲು ಸರಿಯಾದ ಜಾಗ ನೇರ ಭಾಗ. ತಿರುವಿನಲ್ಲಿ ಒಂದು ಮೀಟರ್ ಹೊರಗಿದ್ದು ಒಳಗಿನವರಿಗೆ ಸಮನಾಗಿರಬೇಕೆಂದರೆ ಅವರಿಗಿಂತ ಸುಮಾರು 2.7 ಶೇಕಡಾ ವೇಗವಾಗಿ ಓಡಬೇಕು. ಮುಂದೆ ಹೋಗಲು ಅದಕ್ಕೂ ಮೀರಿದ ವೇಗ ಬೇಕು. ತಿರುವಿನ ಕೊನೆಯ ಹತ್ತು ಹದಿನೈದು ಮೀಟರ್‌ನಲ್ಲಿ ವೇಗ ಏರಿಸಲು ಶುರುಮಾಡಿ, ನೇರ ಭಾಗಕ್ಕೆ ಬರುವಾಗ ಹೊರಬನ್ನಿ, ಒಂದೇ ಬೀಸಿಗೆ ದಾಟಿ. ಅರ್ಧ ದಾಟಿ ಪಕ್ಕದಲ್ಲೇ ಉಳಿದರೆ ಮುಂದಿನ ತಿರುವು ಪೂರ್ತಿ ಎರಡನೇ ಲೇನಿನಲ್ಲಿ ಓಡಬೇಕಾಗುತ್ತದೆ. ದಾಟಿದ ಮೇಲೆ ಪೂರ್ತಿ ಒಂದು ಹೆಜ್ಜೆ, ಅಂದರೆ ಎರಡು ಮೀಟರ್ ಅಂತರ ಸಿಗುವವರೆಗೆ ಒಳಗೆ ಬರಬೇಡಿ.

ಈ ನಿಯಮಕ್ಕೊಂದು ಅಪವಾದ: ಮುಂದಿರುವವರು ಕೊನೆಯ ತಿರುವಿನಲ್ಲಿ ಕಣ್ಣಿಗೆ ಕಾಣುವಂತೆ ಕುಸಿಯುತ್ತಿದ್ದರೆ ನೇರ ಭಾಗಕ್ಕೆ ಕಾಯದೆ ಹೋಗಿಬಿಡಿ.

ವೇಗದ ಹಂಚಿಕೆ ಮತ್ತು ಕಿಕ್ (ಕೊನೆಯ ವೇಗದ ಓಟ)

800 ಮೀಟರ್‌ನಲ್ಲಿ ಮೊದಲ ಸುತ್ತು ಎರಡು ಮೂರು ಸೆಕೆಂಡ್ ವೇಗವಾಗಿರುವುದು ಸಹಜ. ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರಂಭದಿಂದಲೂ ಮುಂದಿದ್ದು, ಮೊದಲ ಸುತ್ತನ್ನು 49.28ಕ್ಕೆ ಮುಗಿಸಿ 1:40.91ರ ವಿಶ್ವದಾಖಲೆ ಬರೆದರು. 2 ನಿಮಿಷದ ಗುರಿಯವರು 200 ಮೀಟರ್‌ಗಳನ್ನು 28.5, 30, 30.5, 31 ಸೆಕೆಂಡ್ ಎಂದು ಹಂಚಿಕೊಳ್ಳಬಹುದು. ಮೊದಲನೆಯದನ್ನೇ 27ಕ್ಕೆ ಓಡಿದರೆ ಮೂರನೆಯದರಲ್ಲಿ ಬೆಲೆ ತೆರುತ್ತೀರಿ. 1972ರ ಮ್ಯೂನಿಕ್ ಫೈನಲ್‌ನಲ್ಲಿ ಡೇವ್ ವಾಟಲ್ ಶುರುವಿನಲ್ಲಿ ಎಲ್ಲರಿಗಿಂತ ಹಿಂದಿದ್ದರು. ಅವರ ವೇಗ ಕೊನೆವರೆಗೂ ಹೆಚ್ಚುಕಡಿಮೆ ಒಂದೇ ಇತ್ತು, ಉಳಿದವರು ನಿಧಾನವಾದರು. ಗೆಲುವಿನ ಅಂತರ 0.03 ಸೆಕೆಂಡ್. ಅವರು ಕೊನೆಯಲ್ಲಿ ಸಿಡಿದಂತೆ ಕಾಣುವುದು ಕಣ್ಣಿನ ಭ್ರಮೆ.

1500 ಮೀಟರ್‌ನಲ್ಲಿ ಗುರಿ 4 ನಿಮಿಷವಾದರೆ ಸುತ್ತಿಗೆ 64 ಸೆಕೆಂಡ್. 800ರಿಂದ 1200 ಮೀಟರ್‌ವರೆಗಿನ ಭಾಗದಲ್ಲಿ ಗಮನ ಜಾರಿ ಎರಡು ಮೂರು ಸೆಕೆಂಡ್ ಸೋರಿಹೋಗುತ್ತದೆ. ಮುಂದಿನವರ ಭುಜ ಬಿಡದಿರುವುದೊಂದೇ ಅದಕ್ಕೆ ಮದ್ದು. ಓಟ ನಿಧಾನವಾಗಿದ್ದರೆ ಜಾಗಕ್ಕೆ ಇನ್ನೂ ಹೆಚ್ಚು ಬೆಲೆ. 2016ರ ರಿಯೊ ಫೈನಲ್‌ನಲ್ಲಿ ಮ್ಯಾಥ್ಯೂ ಸೆಂಟ್ರೊವಿಟ್ಜ್ ಮುಂದೆ ನಿಂತು ಕರ್ಬ್ ಬಿಡದೆ, ಕೊನೆಯ ಸುತ್ತನ್ನು 51 ಸೆಕೆಂಡ್‌ನೊಳಗೆ ಮುಗಿಸಿದರು. ಒಟ್ಟು ಸಮಯ 3:50.00 ಮಾತ್ರ, ಆದರೂ ಹಿಂದಿದ್ದವರಿಗೆ ದಾಟಲಾಗಲಿಲ್ಲ. ಅಂಥ ಓಟದಲ್ಲಿ ಗಂಟೆ ಬಾರಿಸುವಾಗ ಮೊದಲ ನಾಲ್ವರಲ್ಲಿ ಇರಲೇಬೇಕು.

400 ಮೀಟರ್ ವೇಗ ಚೆನ್ನಾಗಿರುವವರು ಕೊನೆಯ 120–150 ಮೀಟರ್‌ವರೆಗೆ ಕಾಯಲಿ. ಆ ವೇಗವಿಲ್ಲದವರು ಕಾದರೆ ಸೋಲುತ್ತಾರೆ. 500–600 ಮೀಟರ್ ಇರುವಾಗಲೇ ಓಟವನ್ನು ಬಿಗಿಗೊಳಿಸಿ, ಸ್ಪ್ರಿಂಟರ್‌ಗಳ ಕಾಲಿನ ಕಸುವು ಮೊದಲೇ ಹೀರಬೇಕು.

ಅಭ್ಯಾಸ

ಇದೆಲ್ಲ ಬರೀ ಓದಿದರೆ ಬಾರದು. ನಾಲ್ವರು ಸೇರಿ 600 ಮೀಟರ್ ಓಡಿ. ಮೊದಲ 300 ಮೀಟರ್ ಒಬ್ಬರನ್ನು ಬಾಕ್ಸ್‌ನಲ್ಲಿ ಹಿಡಿದಿಡಿ, ಸೀಟಿ ಊದಿದೊಡನೆ ಆ ವ್ಯಕ್ತಿ ಹಿಂಬಾಗಿಲಿನಿಂದ ಹೊರಬಂದು ಕೊನೆಯ 200 ಮೀಟರ್ ಶುರುವಾಗುವುದರೊಳಗೆ ಮುಂದೆ ಬರಬೇಕು. ಸರದಿಯಂತೆ ನಾಲ್ಕು ಬಾರಿ, ನಡುವೆ 5–6 ನಿಮಿಷ ವಿಶ್ರಾಂತಿ. ಇನ್ನೊಂದು ದಿನ ಬೇರೆ ಬೇರೆ ಲೇನಿನಿಂದ 200 ಮೀಟರ್ ಓಟ, ನಾಲ್ಕು ಬಾರಿ: ಬ್ರೇಕ್ ಲೈನ್‌ನಲ್ಲಿ ಕೋನ್ ಇಟ್ಟು, ಓರೆಗೆರೆಯಲ್ಲಿ ಒಳಬರುವುದನ್ನು ರೂಢಿಸಿ. ವೇಗ ಓಟದ ವೇಗವೇ ಇರಲಿ. ನಿಧಾನಕ್ಕೆ ಓಡುವಾಗ ಎಲ್ಲರಿಗೂ ದಾರಿ ಸಿಗುತ್ತದೆ.