ಒಸಾಡಾದಲ್ಲಿ ಕ್ಯಾಮೆರಾ ತೆಗೆಯುವ ಮುಂಚೆ

ಪೂರ್ವ ಸ್ಲೊವಾಕಿಯಾದಲ್ಲಿ ರೋಮಾ ಜನರ, ಅಂದರೆ ಬಹು ಹಿಂದೆ ಭಾರತದಿಂದ ಯುರೋಪಿಗೆ ಹೋದವರ ವಂಶಸ್ಥರ, ಕೇರಿಗೆ ಒಸಾಡಾ ಅನ್ನುತ್ತಾರೆ. ಅಲ್ಲಿ ಫೋಟೊ ತೆಗೆಯಹೊರಟವರಿಗೆ ಈ ಮಾತು. ಹಲವು ಕೇರಿಗಳು ಊರಿನಿಂದಾಚೆ, ಹಳ್ಳದ ದಂಡೆಗೋ ಕಾಡಂಚಿಗೋ ಇವೆ. ಆದರೆ ಕೊಶಿತ್ಸೆ ನಗರದ ಲುನಿಕ್ 9 ರೋಮಾ ಜನರಿರುವ ಬಹುಮಹಡಿ ಕಟ್ಟಡಗಳ ಬಡಾವಣೆ. 2021ರ ಸೆಪ್ಟೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಭೇಟಿ ಕೊಟ್ಟದ್ದು ಅಲ್ಲಿಗೇ. ಇಂಥ ಕಡೆ ಕ್ಯಾಮೆರಾ ಹೊಸದೇನಲ್ಲ. ಕಸದ ರಾಶಿ, ಒಡೆದ ಕಿಟಕಿ ಹಿಡಿದುಕೊಂಡು ಅರ್ಧ ಗಂಟೆಯಲ್ಲಿ ಕಾರು ಹತ್ತುವವರನ್ನು ಜನ ಸಾಕಷ್ಟು ನೋಡಿದ್ದಾರೆ.

ಸಹಿ ಕೇಳುವವರ ಮೇಲಂತೂ ಇನ್ನೂ ಅನುಮಾನ. ಆಸ್ಪತ್ರೆಗಳಲ್ಲಿ ರೋಮಾ ಹೆಂಗಸರಿಗೆ ನಿಜವಾದ ಒಪ್ಪಿಗೆಯಿಲ್ಲದೆ ಸಂತಾನಹರಣ ಚಿಕಿತ್ಸೆ ಮಾಡಿದ ಇತಿಹಾಸವಿದೆ. ಹೆರಿಗೆ ನೋವಿನ ನಡುವೆ ಸಹಿ ಹಾಕಿಸಿಕೊಂಡ ಒಂದು ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2011ರಲ್ಲಿ ಸ್ಲೊವಾಕಿಯಾದ ವಿರುದ್ಧ ತೀರ್ಪು ಕೊಟ್ಟಿತು. ಸರ್ಕಾರ ಕ್ಷಮೆ ಕೇಳಿದ್ದು 2021ರ ನವೆಂಬರ್‌ನಲ್ಲಿ. ಹಾಗಾಗಿ ಮೊದಲ ದಿನವೇ ಫೋಟೊ ಪ್ರಕಟಣೆಯ ಒಪ್ಪಿಗೆ ಪತ್ರ ಮುಂದೆ ಹಿಡಿಯುವುದು ದೊಡ್ಡ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ.

ಭಾರತದ ಪಾಸ್‌ಪೋರ್ಟಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಅದನ್ನು ಒಂದೇ ಸಲ ಮುಗಿಸದೆ ಮೂರು ಸಲಕ್ಕೆ ಹಂಚಿಕೊಳ್ಳುತ್ತೇನೆ, ಏಕೆಂದರೆ ಬಾಗಿಲು ತೆರೆಯುವುದು ಮರಳಿ ಬಂದವರಿಗೆ. ಮೊದಲ ವಾರ ಕ್ಯಾಮೆರಾ ಚೀಲದಲ್ಲೇ. ಕ್ಷೇತ್ರ ಸಮಾಜ ಕಾರ್ಯಕರ್ತರ ಜತೆ ಒಳಗೆ ಹೋಗುವುದು ಸುಲಭ, ಆದರೆ ಎರಡನೇ ದಿನದಿಂದ ಒಬ್ಬರೇ ಹೋಗಬೇಕು. ಇಲ್ಲದಿದ್ದರೆ ನಮ್ಮನ್ನು ಸರ್ಕಾರದ ಭತ್ಯೆ ಕಚೇರಿಯವರೆಂದು ಜನ ಅಂದುಕೊಳ್ಳುತ್ತಾರೆ. ವಾಯ್ಡಾ, ಅಂದರೆ ಕೇರಿಯ ಹಿರಿಯನ ಮಾತು ಬೇಕು, ಆದರೆ ಅದು ಎಲ್ಲರ ಮಾತಲ್ಲ. ಮೇಲಿನ ಓಣಿಗೂ ಕೆಳಗಿನ ಓಣಿಗೂ ಆಗಿಬರದಿದ್ದರೆ ಅವನ ಅತಿಥಿಗೆ ಇನ್ನೊಂದು ಕಡೆ ಬಾಗಿಲು ಮುಚ್ಚುತ್ತದೆ. ಪ್ರತಿ ಮನೆಯಲ್ಲೂ ಬೇರೆಯಾಗಿ ಕೇಳಬೇಕು. ಕಾಫಿ ಕೊಟ್ಟರೆ, ತಳದ ಗಸಿಯವರೆಗೆ, ಕುಡಿಯಬೇಕು. ಬೇಡವೆಂದರೆ ನಿಮ್ಮ ಲೋಟ ಮುಟ್ಟೆವು ಎಂದಂತೆ. ಅದರ ನೋವು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ರೋಮಾನಿ ಭಾಷೆಯಲ್ಲಿ ನೀರು ಪಾನಿ, ಕಿವಿ ಕಾನ್, ಮೂಗು ನಖ್. ಇದು ಮಾತಿಗೆ ಒಳ್ಳೆಯ ಆರಂಭ. ಆದರೆ ನಾವೆಲ್ಲ ಒಂದೇ ಮೂಲ ಎಂದು ಎಳೆಯಬಾರದು, 'ಇಂಡಿಯಾಕ್ಕೆ ಹೋಗಿ' ಎಂಬ ಬೈಗುಳ ಕೇಳಿ ನೊಂದವರು ಅಲ್ಲಿದ್ದಾರೆ. 'ಲಾಚೊ ದ್ಯಿವೆಸ್' ಎಂಬ ನಮಸ್ಕಾರವೂ, 'ಷಾಯ್?', ಅಂದರೆ 'ಆಗಬಹುದಾ?', ಎಂಬ ಪ್ರಶ್ನೆಯೂ ಬಂದರೆ ಸಾಕು. ರೋಮಾ ಜನರನ್ನು ಹೀಯಾಳಿಸುವ ತ್ಸಿಗಾನ್ ಎಂಬ ಪದ ಬಾಯಲ್ಲಿ ಬರಲೇಬಾರದು.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಬ್ಯಾಟರಿಯಲ್ಲಿ ಓಡುವ ಪುಟ್ಟ ಡೈ ಸಬ್ಲಿಮೇಶನ್ ಪ್ರಿಂಟರ್, ಅಂದರೆ ಬಿಸಿಯಿಂದ ಬಣ್ಣವನ್ನು ಕಾಗದಕ್ಕೆ ಇಳಿಸುವ ಯಂತ್ರ. ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಮೊದಲು ಬರೀ ಹಳದಿ ನೆರಳು, ಆಮೇಲೆ ಕೆಂಪು ಸೇರಿ ಕೆನ್ನೆ ಮೂಡುತ್ತದೆ, ನೀಲಿ ಬಿದ್ದಾಗ ಕಣ್ಣು ತೆರೆದಂತಾಗುತ್ತದೆ, ಕೊನೆಗೆ ಹೊಳಪಿನ ಪದರ. ಈ ಒಂದು ನಿಮಿಷದೊಳಗೆ ಸುತ್ತ ಹತ್ತು ತಲೆಗಳು ಸೇರಿರುತ್ತವೆ. ಒಲೆಯ ಬೂದಿ ಕಾಗದಕ್ಕೆ ಅಂಟಿದರೆ ಬಿಳಿ ಚುಕ್ಕೆ ಬೀಳುತ್ತದೆ, ಆದ್ದರಿಂದ ಟ್ರೇಯನ್ನು ಜಿಪ್ ಚೀಲದಲ್ಲಿಡಿ. ಚಳಿಗಾಲದಲ್ಲಿ ಪ್ರಿಂಟರನ್ನು ಕೋಟಿನೊಳಗೆ ಬೆಚ್ಚಗಿಡದಿದ್ದರೆ ಕೆಲಸ ಮಾಡದು. ಚಿತ್ರದಲ್ಲಿ ಐವರಿದ್ದರೆ ಐದು ಪ್ರತಿ; ಒಂದೇ ಕೊಟ್ಟರೆ ಜಗಳ. ಹಣ ಕೊಡಬೇಡಿ, ಮರುದಿನದಿಂದ ಮುಖಕ್ಕೆ ಬೆಲೆ ಕೇಳುವವರ ಸಾಲೇ ಎದುರು ನಿಂತಿರುತ್ತದೆ.

ಒಂದೇ ಕ್ಯಾಮೆರಾ, 35 ಮಿ.ಮೀ. ಲೆನ್ಸ್, ಜೂಮ್ ಬೇಡ, ದೂರದಿಂದ ಹಿಡಿದರೆ ಕದ್ದಂತೆ. ಒಂದೇ ಕಿಟಕಿಯ ಕೋಣೆಯಲ್ಲಿ ಬೆಳಕಿನ ಸಂವೇದನೆ ಐಎಸ್‌ಒ 3200, ಲೆನ್ಸಿನ ತೆರವು ಎಫ್/2, ಶಟರ್ 1/125 ಸೆಕೆಂಡಿನಿಂದ ಶುರು ಮಾಡಿ, ಮುಖಕ್ಕೆ ತಕ್ಕಂತೆ ಬೆಳಕು ಹೊಂದಿಸುತ್ತೇನೆ, ಕಿಟಕಿ ಬೆಳ್ಳಗಾದರೆ ಆಗಲಿ.

ಪ್ರಕಟಣೆಯ ಒಪ್ಪಿಗೆ ಎರಡನೇ ಭೇಟಿಯಲ್ಲಿ, ಪ್ರಿಂಟ್ ಅವರ ಕೈಯಲ್ಲಿರುವಾಗ. ಮನೆಗೆ ಇಟ್ಟುಕೊಳ್ಳುವುದು ಒಂದು ಪ್ರಶ್ನೆ, ಹೊರಗಿನವರಿಗೆ ತೋರಿಸುವುದು ಇನ್ನೊಂದು. ಉತ್ತರವನ್ನು ಅವರ ಭಾಷೆಯಲ್ಲೇ ಧ್ವನಿಮುದ್ರಿಸುತ್ತೇನೆ. ಮಕ್ಕಳ ವಿಷಯದಲ್ಲಿ ತಂದೆತಾಯಿ ಹೇಳಬೇಕು. ಒಪ್ಪಿದ ಮೇಲೂ ಅವರು ಬೇಡವೆಂದರೆ ಪ್ರಕಟಣೆಯಿಂದ ಚಿತ್ರವನ್ನು ತೆಗೆದುಹಾಕಲೇಬೇಕು. ಪ್ರಕಟಿಸುವ ಫೈಲಿನಲ್ಲಿ ಜಾಗ ತೋರಿಸುವ ಜಿಪಿಎಸ್ ಗುರುತು ಅಳಿಸಿರಬೇಕು.

ಆದರೆ ಮೂಲ ರಾ ಫೈಲು, ಅಂದರೆ ಕ್ಯಾಮೆರಾದ ತಿದ್ದದ ಚಿತ್ರ, ಅಳಿಸಬೇಡಿ. ಯಾವ ಮನೆ, ಯಾರು ಎಂದು ಬರೆದಿಡಿ. ಅಲ್ಲಿ ಗೋರಿಕಲ್ಲಿನ ಮೇಲೆ ತೀರಿಕೊಂಡವರ ಫೋಟೊ ಕೂರಿಸುವ ರೂಢಿಯಿದೆ. ಅಜ್ಜಿಯೋ ಮಗನೋ ಹೋದಾಗ ಕುಟುಂಬದವರು ಕೇಳುವ ಚಿತ್ರ ನಿಮ್ಮಲ್ಲಿ ಮಾತ್ರ ಇರಬಹುದು.